ಎಸ್ಪೆರಾಂಟೊ ಅಂದ್ರೆ ಆಸೆಯೋ, ಆಸೆ ಇಟ್ಕೊಂಡವನೋ?

ತಟ್ಟೆಇಡ್ಲಿ_ತುಮಕೂರು: ಭಾನುವಾರ ನಮ್ಮೂರಲ್ಲಿ ಕ್ವಿಜ್ ಇತ್ತು. "ಎಸ್ಪೆರಾಂಟೊ ಪದದ ಅರ್ಥವೇನು?" ಅಂದ್ರು. (ಎಲ್ಲ ದೇಶದವರಿಗೂ ಆಗ್ಲಿ ಅಂತ ಒಬ್ಬರು ಕಟ್ಟಿದ ಭಾಷೆ ಅದು.) ನಾನು "ಭರವಸೆ ಇಟ್ಟುಕೊಂಡವನು" ಅಂದೆ. ಅವರ ಚೀಟಿಯಲ್ಲಿ "ಆಸೆ" ಅಂತಿತ್ತು. ಒಂದೇ ಅಂಕದಲ್ಲಿ ಸೋತ್ವಿ. ನೀವೇ ನ್ಯಾಯ ಹೇಳಿ.

ಮುಳಬಾಗಲ್_ದೋಸೆ: ಎರಡೂ ಒಂದೇ ಅಲ್ವಾ ಗುರುವೇ, ಬಿಟ್ಹಾಕಿ.

ನಂದಿ_ಮಂಜು: ಒಂದೇ ಹೇಗಾಗುತ್ತೆ? ಹಾಡು, ಹಾಡುವವನು ಒಂದೇನಾ? ಆ ಭಾಷೆಯಲ್ಲಿ 'ಎಸ್ಪೆರ್' ಅನ್ನೋದು ಧಾತು. ಕೊನೆಗೆ 'ಒ' ಸೇರಿದ್ರೆ ಎಸ್ಪೆರೊ, ಅಂದ್ರೆ ಭರವಸೆ. ನಡುವೆ 'ಆಂಟ್' ಬಂದ್ರೆ ಈಗ ಭರವಸೆ ಇಟ್ಟಿರೋನು. 'ಇಂಟ್' ಹಾಕಿ, ಎಸ್ಪೆರಿಂಟೊ: ಹಿಂದೆ ಇಟ್ಟಿದ್ದವನು. 'ಒಂಟ್' ಹಾಕಿದ್ರೆ ಮುಂದೆ ಇಡೋನು. ನಮ್ಮ ಮಾಡಿದವನು, ಮಾಡುವವನು ಥರಾನೇ.

ಮುಳಬಾಗಲ್_ದೋಸೆ: ಸರಿ, ಆದ್ರೆ ಅದು ಭಾಷೆ ಹೆಸರು. ಭಾಷೆ ಹೇಗೆ 'ಅವನು' ಆಗುತ್ತೆ?

ನಂದಿ_ಮಂಜು: ಮೊದಲು ಅದು ಭಾಷೆ ಹೆಸರೇ ಅಲ್ಲ ಕಣ್ರೀ! ಝಾಮೆನ್‌ಹಾಫ್ ಅನ್ನೋ ಕಣ್ಣಿನ ಡಾಕ್ಟರು 1887ರಲ್ಲಿ ವಾರ್ಸಾದಲ್ಲಿ ರಷ್ಯನ್‌ನಲ್ಲಿ ಒಂದು ಪುಸ್ತಕ ತಂದ್ರು. ಭಾಷೆಗೆ ಅವರಿಟ್ಟಿದ್ದು 'ಲಿಂಗ್ವೊ ಇಂಟರ್ನಾಟ್ಸಿಯಾ', ಅಂತರರಾಷ್ಟ್ರೀಯ ಭಾಷೆ ಅಂತ ಅಷ್ಟೇ. ಲೇಖಕರ ಜಾಗದಲ್ಲಿ 'ಡಾಕ್ಟರ್ ಎಸ್ಪೆರಾಂಟೊ'. ಜನ ಆ ಗುಪ್ತನಾಮವನ್ನೇ ಭಾಷೆಗೆ ಅಂಟಿಸಿಬಿಟ್ರು.

ಕೋಲಾರ_ಕ್ಲಾಕ್‌ಟವರ್: ನಮ್ಮ ಕಡೆ ಇದರ ಉಲ್ಟಾ. ಮಾಸ್ತಿಯವರ ಕಾವ್ಯನಾಮ 'ಶ್ರೀನಿವಾಸ', ಜನ ಹಿಡ್ಕೊಂಡಿದ್ದು ಮಾಲೂರು ತಾಲ್ಲೂಕಿನ ಊರ ಹೆಸರು. ಅಂದಹಾಗೆ ಆ ಡಾಕ್ಟರು ಹುಟ್ಟಿದ ಬಿಯಾವಿಸ್ತೋಕ್‌ನಲ್ಲಿ ಯಿದ್ದಿಶ್, ಪೋಲಿಷ್, ರಷ್ಯನ್, ಜರ್ಮನ್ ನಾಲ್ಕೂ ಇದ್ವು. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಪಕ್ಕದ ಬೀದೀಲಿ ಉರ್ದು, ಕೆಜಿಎಫ್‌ಗೆ ಹೋದ್ರೆ ತಮಿಳು ಅನ್ನೋ ನಮಗೆ ಇದೇನು ಹೊಸದಲ್ಲ. ಆದ್ರೆ ಅಲ್ಲಿ ಒಬ್ಬರಿಗೊಬ್ಬರು ಆಗ್ತಿರಲಿಲ್ಲ. ಅದನ್ನ ನೋಡಿಯೇ ಹೊಸ ಭಾಷೆ ಯೋಚನೆ ಬಂದಿದ್ದು.

ಇನ್ನೊಂದು, 'ಆಸೆ' ಅನ್ನೋದೇ ತಪ್ಪು. ಚಿನ್ನದ ಮೇಲೆ ಇರೋದು ಆಸೆ. ಇದು ಭರವಸೆ.

ಗೌರಿಬಿದನೂರು_ಗೆಳೆಯ: ಸ್ಪ್ಯಾನಿಷ್‌ನಲ್ಲಿ 'ಎಸ್ಪೆರಾರ್' ಅಂದ್ರೆ ಕಾಯೋದು ಅಂತಾನೂ ಇದೆಯಲ್ಲ? 'ಕಾಯುವವನು' ಯಾಕಾಗಬಾರದು?

ನಂದಿ_ಮಂಜು: ಎಸ್ಪೆರಾಂಟೊದಲ್ಲಿ ಕಾಯೋದಕ್ಕೆ 'ಅಟೆಂಡಿ' ಅಂತ ಬೇರೆ ಪದ ಇದೆ. ಆಗಲ್ಲ.

ಮುಳಬಾಗಲ್_ದೋಸೆ: ಸೋತೆ. ಆದ್ರೂ ಒಂದು ಮಾತು. ಲ್ಯಾಟಿನ್ ಲಿಪಿಯಲ್ಲಿ ಭಾಷೆಯಾದ್ರೆ ಮೊದಲಕ್ಷರ ದೊಡ್ಡದು, ಭರವಸೆ ಇಟ್ಟವನಾದ್ರೆ ಸಣ್ಣದು. ಕನ್ನಡ ಚೀಟಿಯಲ್ಲಿ ದೊಡ್ಡಕ್ಷರ ಎಲ್ಲಿಂದ ತರೋದು? ಕ್ವಿಜ್‌ನವರನ್ನೂ ಪೂರ್ತಿ ಬೈಯೋಕಾಗಲ್ಲ.

ತಟ್ಟೆಇಡ್ಲಿ_ತುಮಕೂರು: ಫೋನ್ ಮಾಡಿದ್ದೆ. "ಅಂಕದ ವಿಷಯ ನೋಡೋಣ" ಅಂದಿದಾರೆ. ಕೊಡ್ತಾರೆ ಅನ್ಸುತ್ತೆ.

ಕೋಲಾರ_ಕ್ಲಾಕ್‌ಟವರ್: ಹಾಗಾದ್ರೆ ಸದ್ಯಕ್ಕೆ ನೀವು ಸಣ್ಣಕ್ಷರದ ಎಸ್ಪೆರಾಂಟೊ.