2 ದಿನದ ಆಟ, 14 ತಿಂಗಳ ಆಟ

ಭಾನುವಾರ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಭಾವ ಕಳಿಸಿದ ಫಾರ್ವರ್ಡ್ ಇದು:

«19 ವರ್ಷದ ಇಟಲಿಯ ಹುಡುಗ ಒಂದೇ ವಾರಾಂತ್ಯದಲ್ಲಿ 2048 ಎಂಬ ಆಟ ಕಂಡುಹಿಡಿದ. ಇಡೀ ಜಗತ್ತೇ ಆಡಿತು! ನಿಮ್ಮ ಮಕ್ಕಳು ರಜೆಯಲ್ಲಿ ಏನು ಮಾಡುತ್ತಿದ್ದಾರೆ? ಎಲ್ಲರಿಗೂ ಕಳಿಸಿ.»

ದೊಡ್ಡಪ್ಪ: ಮನಸ್ಸಿದ್ದರೆ ಮಾರ್ಗ. ನಮ್ಮ ಹುಡುಗರು ಏಳೋದೇ ಮಧ್ಯಾಹ್ನ. ಎದ್ದ ಕೂಡಲೇ ಕೈಗೆ ಮೊಬೈಲು.

ಚಿಕ್ಕಮ್ಮ: ಆಟ ಮಾಡಿದವನನ್ನು ಹೊಗಳೋದು, ಆಡೋ ಮಕ್ಕಳನ್ನು ಬೈಯೋದು. ಇದು ಯಾವ ನ್ಯಾಯ?

ನಾನು: ಇದನ್ನು ಬರೆದವರು ಯಾರು ಭಾವ? ಎಲ್ಲಿಂದ ಬಂತು? ‘ಕಂಡುಹಿಡಿದ’ ಅನ್ನೋದು ತಪ್ಪು. ಆ ಹುಡುಗ ಗೇಬ್ರಿಯೆಲೆ ಚಿರುಲ್ಲಿ. 2048 ಬಂದಿದ್ದು 2014ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲೇ, ಫೆಬ್ರವರಿಯಲ್ಲಿ, ಅದೇ ತರದ ಥ್ರೀಸ್ ಅನ್ನೋ ಮೊಬೈಲ್ ಆಟ ಬಂದಿತ್ತು. ಆಶರ್ ವೋಲ್ಮರ್, ಗ್ರೆಗ್ ವೊಲ್‌ವೆಂಡ್ ಇಬ್ಬರೂ 14 ತಿಂಗಳು ಅದಕ್ಕೆ ದುಡಿದಿದ್ದರು. ಸಂಗೀತ ಜಿಮ್ಮಿ ಹಿನ್ಸನ್ ಅವರದು.

ಭಾವ: ಶುರುವಾಯ್ತು ನೋಡಿ, ಮೂಲ ಎಲ್ಲಿ, ಸಾಕ್ಷಿ ಎಲ್ಲಿ ಅಂತ. ಎರಡೂ ಅಂಕಿ ಕೂಡಿಸೋ ಆಟ ತಾನೆ? ಒಬ್ಬರು 14 ತಿಂಗಳು ತಗೊಂಡರೆ ಇನ್ನೊಬ್ಬ 2 ದಿನದಲ್ಲಿ ಮುಗಿಸಿದ. ಯಾರು ಜಾಣ?

ಈ ಪ್ರಶ್ನೆಗೆ ಸುಮ್ನೆ ಇರಲು ನನ್ನಿಂದ ಆಗಲಿಲ್ಲ. ಉದ್ದಕ್ಕೆ ಬರೆದೆ. ಥ್ರೀಸ್‌ನಲ್ಲಿ ನಾಲ್ಕು ಸಾಲು, ನಾಲ್ಕು ಕಂಬ. ಅಂಕಿ ಬರೆದ ಬಿಲ್ಲೆಗಳನ್ನು ಕೂಡಿಸುತ್ತಾ ಹೋಗಬೇಕು. ನೀಲಿ 1, ಕೆಂಪು 2 ಸೇರಿದರೆ 3. ಆಮೇಲೆ ಒಂದೇ ತರದವು ಮಾತ್ರ ಸೇರುತ್ತವೆ: 3ಕ್ಕೆ 3 ಕೂಡಿ 6, 6ಕ್ಕೆ 6 ಕೂಡಿ 12. ಬೆರಳು ಸರಿಸಿದಾಗ ಬಿಲ್ಲೆಗಳು ಒಂದೇ ಮನೆ ಜರುಗುತ್ತವೆ. ಮುಂದಿನ ಬಿಲ್ಲೆ ಯಾವುದು ಅಂತ ಮೇಲೆ ಸುಳಿವು ಕಾಣುತ್ತದೆ. ಹಾಗಾಗಿ ಪ್ರತಿ ಸಲವೂ ಯೋಚಿಸಲೇಬೇಕು. 2048ರಲ್ಲಿ ಬಿಲ್ಲೆಗಳು ಅಂಚಿನವರೆಗೂ ಜಾರುತ್ತವೆ. ದೊಡ್ಡ ಅಂಕಿಯನ್ನು ಒಂದು ಮೂಲೆಯಲ್ಲಿ ಕಾಯ್ದಿಟ್ಟುಕೊಂಡರೆ ಬಹಳ ದೂರ ಹೋಗಬಹುದು. ಥ್ರೀಸ್ ತಂಡ ತಮ್ಮ ನಡುವೆ ಓಡಾಡಿದ ಈಮೇಲ್‌ಗಳನ್ನೇ ಪ್ರಕಟಿಸಿತು. ಏನೇನೋ ಸೇರಿಸಿ, ಬೇಡ ಅಂತ ತೆಗೆದು, ಕೊನೆಗೆ ಬರೀ ಅಂಕಿಗೆ ಬಂದು ನಿಂತ ಕಥೆ ಅಲ್ಲಿದೆ. ಆಟ ಇಷ್ಟು ಸರಳ ಆಗಿದ್ದೇ ಆ 14 ತಿಂಗಳಿಂದ. ಸರಳ ಆದಮೇಲೆ ನಕಲು ಮಾಡೋದು ಸುಲಭ.

ಇದನ್ನು ಯಾರೂ ಪೂರ್ತಿ ಓದಲಿಲ್ಲ ಅಂತ ಮುಂದಿನ ಮೆಸೇಜಿನಲ್ಲೇ ಗೊತ್ತಾಯಿತು.

ಹುಬ್ಬಳ್ಳಿ ಅಣ್ಣ: ಏ, ನಮ್ಮ ಬ್ರಿಕ್ ಗೇಮ್ ನೆನಪಿದೆಯಾ! 9999 ಇನ್ 1! ಶಿರಸಿ ಜಾತ್ರೆಯಲ್ಲಿ ಅಜ್ಜ ಕೊಡಿಸಿದ್ದು. ರಾತ್ರಿ ಕಂಬಳಿ ಒಳಗೆ ಟಾರ್ಚ್ ಹಿಡಿದು ಆಡ್ತಿದ್ವಿ.

ಚಿಕ್ಕಮ್ಮ: ಅಜ್ಜನ ರೇಡಿಯೊ ಸೆಲ್ಲು ಕದ್ದು ಹಾಕ್ತಿದ್ದೆ. ಬೈಸಿಕೊಂಡಿದ್ದು ನಾನು.

ಹುಬ್ಬಳ್ಳಿ ಅಣ್ಣ: ಸೆಲ್ಲು ಸೋರಿ ಅದು ಹಾಳಾಗಿದ್ದು ಯಾರಿಂದ ಅಂತ ಇವತ್ತಾದರೂ ಒಪ್ಪಿಕೊಳ್ಳಲಿ.

ಇಪ್ಪತ್ತು ನಿಮಿಷ ಬರೀ ಇದೇ. ನಡುವೆ ನಾನು ಒಂದು ಮಾತು ಸೇರಿಸಿದೆ: ಆ ಬ್ರಿಕ್ ಗೇಮ್ ಕೂಡ ಟೆಟ್ರಿಸ್‌ನ, ಅಂದರೆ ಮೇಲಿಂದ ಬೀಳೋ ಇಟ್ಟಿಗೆ ಜೋಡಿಸೋ ಆಟದ, ನಕಲು. ಟೆಟ್ರಿಸ್ ಮಾಡಿದವರು ಅಲೆಕ್ಸೀ ಪಾಜಿಟ್ನೊವ್, 1984ರಲ್ಲಿ, ಮಾಸ್ಕೊದಲ್ಲಿ. 1989ರಲ್ಲಿ ಗೇಮ್ ಬಾಯ್ ಅನ್ನೋ ಕೈಯಲ್ಲಿ ಹಿಡಿದು ಆಡೋ ಯಂತ್ರದ ಜೊತೆ ಅದು ಮನೆಮನೆಗೆ ಹೋಯಿತು. ಆದರೆ ಹಕ್ಕು ಸೋವಿಯತ್ ಸರ್ಕಾರದ್ದು. ಪಾಜಿಟ್ನೊವ್‌ಗೆ ರಾಯಧನ ಬರೋಕೆ ಶುರುವಾಗಿದ್ದು 1996ರಲ್ಲಿ.

ಆಗ ಸಣ್ಣತ್ತೆ ಬರೆದರು. ಗುಂಪಿನಲ್ಲಿ ಅವರು ಹಬ್ಬಕ್ಕೆ ಶುಭಾಶಯ ಬಿಟ್ಟರೆ ಬೇರೇನೂ ಬರೆಯೋದಿಲ್ಲ.

ಸಣ್ಣತ್ತೆ: ದುಡಿದವರು ಒಬ್ಬರು, ಹೆಸರು ಇನ್ನೊಬ್ಬರದು. ನಮ್ಮ ವಂಶವೃಕ್ಷದ ಕಥೆಯೂ ಅದೇ ಅಲ್ವಾ?

ಗೊತ್ತಿಲ್ಲದವರಿಗೆ ಹೇಳಬೇಕು. ಸಣ್ಣತ್ತೆ ವರ್ಷಗಟ್ಟಲೆ ಊರೂರು ತಿರುಗಿ, ಹಳೇ ಜಾತಕ, ಮದುವೆ ಕಾಗದ ಹುಡುಕಿ, ಮನೆತನದ ಏಳು ತಲೆಮಾರು ಬರೆದಿಟ್ಟಿದ್ದರು. ಸತ್ತುಹೋದ ಹೆಣ್ಣುಮಕ್ಕಳ ಹೆಸರೂ ಬಿಡದೆ ಹುಡುಕಿದವರು ಅವರೊಬ್ಬರೇ. ಉಪನಯನವೊಂದರಲ್ಲಿ ಭಾವ ಅದನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಹಂಚಿದರು. ಕೆಳಗೆ ‘ಸಂಗ್ರಹ’ ಅಂತ ತಮ್ಮ ಹೆಸರು.

ಭಾವ: ಅಚ್ಚಿನ ಖರ್ಚು ಯಾರು ಕೊಟ್ಟಿದ್ದು? ನಾನು ಹಾಕಿಸದಿದ್ದರೆ ಅದು ಇವತ್ತಿಗೂ ನೋಟ್‌ಬುಕ್ಕಿನಲ್ಲೇ ಇರ್ತಿತ್ತು.

ಚಿಕ್ಕಮ್ಮ: ನೋಟ್‌ಬುಕ್ಕೇ ಇರದಿದ್ದರೆ ಏನು ಅಚ್ಚು ಹಾಕಿಸ್ತಿದ್ರಿ?

ದೊಡ್ಡಪ್ಪ: ಹಿರಿಯರ ಮಾತು ಗುಂಪಿನಲ್ಲಿ ಬೇಡ. ಮನೆಯ ವಿಷಯ ಮನೆಯಲ್ಲಿ.

ಹುಬ್ಬಳ್ಳಿ ಅಣ್ಣ: ಇದೇ ಮನೆಯ ಗುಂಪು ಅಲ್ವಾ ದೊಡ್ಡಪ್ಪ?

ಭಾವನ ಮಾತಿನಲ್ಲಿ ಒಂದು ಸತ್ಯ ಇದೆ. ಹಂಚೋದೂ ಕೆಲಸವೇ. ಥ್ರೀಸ್‌ಗೆ ದುಡ್ಡು ಕೊಡಬೇಕಿತ್ತು, 2048 ಪುಕ್ಕಟೆ. ಅದಕ್ಕೇ ಅದು ಎಲ್ಲರ ಕೈಗೆ ಹೋಯಿತು. ಆದರೆ ಚಿರುಲ್ಲಿ ಇದು ನನ್ನದೇ ಅಂತ ಹೇಳಿಕೊಳ್ಳಲಿಲ್ಲ. ವೀವೋ ಸ್ಟುಡಿಯೊದ 1024 ಅನ್ನೋ ಆಟದ ಮೇಲೆ ಕಟ್ಟಿದ್ದು, ವೋಲ್ಮರ್ ಅವರ ಥ್ರೀಸ್‌ಗೆ ಹೋಲುವಂಥದ್ದು ಅಂತ ಆಟದ ಪುಟದಲ್ಲೇ ಹಾಕಿದ. ಕೋಡನ್ನೂ ಎಲ್ಲರಿಗೆ ಬಿಟ್ಟುಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಬರೆದಿಟ್ಟ ಹೆಸರುಗಳನ್ನು ಅಳಿಸಿದ್ದು ಈ ಫಾರ್ವರ್ಡ್. ಎರಡು ಮೂರು ಜನರ ತಂಡಕ್ಕೆ ಹೆಸರೇ ಆಸ್ತಿ. ಮುಂದಿನ ಆಟ ಯಾರಾದರೂ ಕೊಳ್ಳೋದು ಅದನ್ನು ನೋಡಿಯೇ.

ಇದನ್ನೂ ಗುಂಪಿಗೆ ಹಾಕಿದೆ. ಸಣ್ಣತ್ತೆ ಒಂದು ನಮಸ್ಕಾರದ ಚಿಹ್ನೆ ಕಳಿಸಿದರು. ಭಾವ ಉತ್ತರ ಕೊಡಲಿಲ್ಲ. ಸಂಜೆ ದೊಡ್ಡಪ್ಪ, ವಂಶವೃಕ್ಷ ಇನ್ನೊಮ್ಮೆ ಅಚ್ಚಾದಾಗ ಸಣ್ಣತ್ತೆಯ ಹೆಸರೇ ಮೊದಲು ಬರಲಿ ಅಂತ ಬರೆದರು. ಖರ್ಚು ಯಾರದು ಅಂತ ಇನ್ನೂ ಮಾತಾಗಿಲ್ಲ.

ಆ ಫಾರ್ವರ್ಡ್ ಭಾವನ ಆಫೀಸು ಗುಂಪಿಗೂ ಹೋಗಿದೆಯಂತೆ. ವೋಲ್ಮರ್, ವೊಲ್‌ವೆಂಡ್, ಹಿನ್ಸನ್, ಮೂರೂ ಹೆಸರನ್ನು ಅಲ್ಲಿಗೂ ಕಳಿಸಿ ಅಂತ ಅವರಿಗೆ ಬೇರೆಯಾಗಿ ಮೆಸೇಜ್ ಮಾಡಿದ್ದೇನೆ.