ಅಪ್‌ಡೇಟ್: ಕ್ರೂಸ್‌ಗೆ ಸ್ಯಾನಿಟೈಸರ್ ಒಂದೇ ಸಾಕಾ?

ಕಾಸರಗೋಡಿನಿಂದ ರೈಲಲ್ಲಿ ಕೊಚ್ಚಿಗೆ ಹೋಗಿ ಕ್ರೂಸ್ ಹತ್ತುವ ಅಪ್ಪ-ಅಮ್ಮನಿಗೆ ಸ್ಯಾನಿಟೈಸರ್ ಬಾಟಲಿ ಕೊಟ್ಟರೆ ಸಾಕಾ ಅಂತ ಕೇಳಿದ್ದೆ. ಎಲ್ಲ ವಿಚಾರಿಸಿದ ಮೇಲಿನ ತೀರ್ಮಾನ: ಸಾಲದು.

ಹಡಗಿನಲ್ಲಿ ವಾಂತಿ-ಭೇದಿ ಹರಡುವುದು ಹೆಚ್ಚಾಗಿ ನೊರೊವೈರಸ್‌ನಿಂದ. ಸ್ಯಾನಿಟೈಸರ್‌ನ ಆಲ್ಕೊಹಾಲ್ ಸುಲಭವಾಗಿ ಒಡೆಯುವುದು ವೈರಸ್‌ನ ಕೊಬ್ಬಿನ ಹೊರಪದರವನ್ನು; ನೊರೊವೈರಸ್‌ಗೆ ಅದು ಇಲ್ಲ. ಹಾಗಾಗಿ ಆಲ್ಕೊಹಾಲ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ. ಸೋಪು ಹಾಕಿ ಉಜ್ಜಿದರೆ ಚರ್ಮದಿಂದ ಬಿಡುತ್ತದೆ, ಹರಿಯುವ ನೀರು ಕೊಂಡೊಯ್ಯುತ್ತದೆ. ಕನಿಷ್ಠ 20 ಸೆಕೆಂಡು ಬೇಕು: ಬೆರಳ ತುದಿ, ಉಗುರಿನಡಿ, ಹೆಬ್ಬೆರಳ ಬುಡ, ಉಂಗುರದ ಕೆಳಗೆ. ಕೈ ಒರೆಸಿದ ಟಿಶ್ಯೂವಿನಿಂದಲೇ ನಲ್ಲಿ ನಿಲ್ಲಿಸಿ, ಬಾಗಿಲು ಎಳೆಯುವುದು.

ಎಡವಟ್ಟಾಗುವುದು ಬಫೆಯಲ್ಲಿ. ಕೈ ತೊಳೆದೇ ಬಂದಿರುತ್ತೇವೆ, ಆಮೇಲೆ ಊರವರೆಲ್ಲ ಮುಟ್ಟಿದ ಸೌಟು ಹಿಡಿದು ಅದೇ ಕೈಯಲ್ಲಿ ಅನ್ನ ಕಲಸುತ್ತೇವೆ! ತಟ್ಟೆ ಮೇಜಿನ ಮೇಲಿಟ್ಟು ಮತ್ತೊಮ್ಮೆ ತೊಳೆಯಬೇಕು, ಇಲ್ಲವೇ ಚಮಚದಲ್ಲಿ ಉಣ್ಣಬೇಕು. ಅಪ್ಪನಿಗೆ ಎರಡನೆಯದು ಒಗ್ಗುವುದಿಲ್ಲ, ಆ ಮಾತು ಬೇರೆ.

ವಾಂತಿ ಶುರುವಾದರೆ ಕ್ಯಾಬಿನ್‌ನಿಂದಲೇ ಹಡಗಿನ ಡಾಕ್ಟರಿಗೆ ಫೋನ್ ಮಾಡುವುದು. ನಿಂತ ಮೇಲೂ 48 ಗಂಟೆ ಹೊರಗೆ ಓಡಾಡಬಾರದು. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ. ಒಂದು ಗ್ಲಾಸಿಗೆ ಸುರಿದರೆ ಉಪ್ಪು-ಸಕ್ಕರೆ ಹೆಚ್ಚಾಗಿ ಭೇದಿ ಇನ್ನೂ ಜೋರಾಗುತ್ತದೆ.