ಕಿಡ್ನಿ ಗಡ್ಡೆ: ಮೊದಲು ಆಪರೇಷನ್ನೋ, ತೂಕ ಇಳಿಸೋದೋ?

ಎಡಪಕ್ಕೆ: ಎಡ ಕಿಡ್ನಿಯಲ್ಲಿ 3.4 ಸೆಂ.ಮೀ. ಗಡ್ಡೆ, ಬಯಾಪ್ಸಿಯಲ್ಲಿ ಕ್ಲಿಯರ್ ಸೆಲ್ ಅನ್ನುವ ಬಗೆಯ ಕ್ಯಾನ್ಸರ್. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35. ತೂಕ ಇಳಿಸಿಕೊಂಡು ಆಮೇಲೆ ಆಪರೇಷನ್ ಮಾಡಿಸಲೇ? ಜಿಡ್ಡು ಪೂರ್ತಿ ಬಿಟ್ಟರೆ ಗಡ್ಡೆ ಸೊರಗುತ್ತದೆಯೇ? ಅನುಭವ ಇದ್ದವರು ಹೇಳಿ.

ಅರ್ಧಕಿಡ್ನಿ: ಬಿಎಂಐ ಪಕ್ಕಕ್ಕಿಡಿ, ಸಿಟಿ ನೋಡಿ. ಕಿಡ್ನಿಯ ಅಭಿಧಮನಿ ಮಟ್ಟದಲ್ಲಿ ಕಿಡ್ನಿ ಹಿಂದಿನ ಕೊಬ್ಬು 1 ಸೆಂ.ಮೀ.ಗಿಂತ ಕಡಿಮೆಯಿದ್ದರೆ 0, 2 ಮುಟ್ಟಿದರೆ 2 ಅಂಕ, ನಡುವೆ ಇದ್ದರೆ 1. ಕೊಬ್ಬಿನೊಳಗೆ ಎಳೆ ಎಳೆ ಕಂಡರೆ ಇನ್ನೆರಡು, ಎಳೆ ದಟ್ಟವಾಗಿದ್ದರೆ ಮೂರು. ಒಟ್ಟು 5ಕ್ಕೆ ಮೇಯೋ ಸ್ಕೋರ್. ಅಂಕ ಏರಿದಷ್ಟೂ ಕೊಬ್ಬು ಕಿಡ್ನಿಗೆ ಅಂಟಿರುವ ಸಂಭವ ಜಾಸ್ತಿ. ಬಿಡಿಸುವಾಗ ಕವಚವೇ ಕಿತ್ತು ಬರುತ್ತದೆ, ರಕ್ತ ಒಸರುತ್ತದೆ, ಗಡ್ಡೆಯ ಅಂಚು ಸಿಗುವುದಿಲ್ಲ. ತೆಳ್ಳಗಿರುವ ಗಂಡಸರಲ್ಲೂ ಇದು ಇರಬಹುದು. 4 ಸೆಂ.ಮೀ. ಒಳಗಿನದಕ್ಕೆ ಪಾರ್ಷಿಯಲ್ಲೇ (ಗಡ್ಡೆಯಷ್ಟನ್ನೇ ತೆಗೆದು ಉಳಿದ ಕಿಡ್ನಿ ಉಳಿಸುವ ಆಪರೇಷನ್) ಸರಿ. ಹಟ ಹಿಡಿದು ಅದನ್ನೇ ಮಾಡಿಸಿಕೊಂಡವನು ನಾನು.

ಒಂಟಿಕಿಡ್ನಿ: ಗಡ್ಡೆ ಹೊರಗೆ ಉಬ್ಬಿದ್ದವರಿಗೆ ಹಟ ಸುಲಭ ಸಾರ್. ರಕ್ತನಾಳದ ಬುಡಕ್ಕೆ ತಾಗಿಕೊಂಡಿದ್ದರೆ? ರಕ್ತ ತಡೆಯಲು ಕ್ಲಾಂಪ್ ಹಾಕಿ 25-30 ನಿಮಿಷ ಮೀರಿದರೆ ನೀವು ಉಳಿಸಿದ ಭಾಗವೇ ಪೆಟ್ಟು ತಿನ್ನುತ್ತದೆ. ಪಾರ್ಷಿಯಲ್ಲೋ ಪೂರ್ತಿ ಕಿಡ್ನಿ ತೆಗೆಸುವುದೋ, ಯಾವುದೇ ಮಾಡಿಸಿ, ಆಮೇಲೆ ಕಿಡ್ನಿ ಕೆಲಸ ಅಳೆಯಲು ರಕ್ತದ ಕ್ರಿಯಾಟಿನಿನ್ (ಸ್ನಾಯುವಿನಿಂದ ಬರುವ ಕಸ) ಒಂದನ್ನೇ ನಂಬಬೇಡಿ. ಉಪವಾಸ ಬಿದ್ದು ಸ್ನಾಯು ಕರಗಿಸಿಕೊಂಡವರಲ್ಲಿ ಅದು ಇಳಿದು ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) ಸುಳ್ಳೇ ಚೆಂದ ಕಾಣುತ್ತದೆ. ಸ್ನಾಯುವನ್ನು ಅಷ್ಟು ಅವಲಂಬಿಸದ ಸಿಸ್ಟಾಟಿನ್-ಸಿ ರಕ್ತಪರೀಕ್ಷೆ ಜೊತೆಗಿಟ್ಟು ನೋಡಿ. ಆದರೆ ಬೊಜ್ಜಿದ್ದರೆ ಅದು ಸ್ವಲ್ಪ ಏರಿರುತ್ತದೆ. ಮೂತ್ರದ ಆಲ್ಬುಮಿನ್ (ಸೋರುವ ಪ್ರೋಟೀನ್) ಪರೀಕ್ಷೆ ಕೂಡ ಬೇಕು. ನನಗೆ ಇದ್ಯಾವುದನ್ನೂ ಮೊದಲು ಹೇಳಲಿಲ್ಲ, ಆ ಸಿಟ್ಟು ಇನ್ನೂ ಇದೆ.

ಸ್ಲೈಡ್‌ನೋಡುವವ: ಜಿಡ್ಡಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಈ ಗಡ್ಡೆಗಳಲ್ಲಿ ಬಹುಪಾಲು ವಿಎಚ್‌ಎಲ್ ಜೀನ್ ಕೆಟ್ಟಿರುತ್ತದೆ, ಹಾಗಾಗಿ ಆ ಜೀನ್ ನಾಶಮಾಡಿಸಬೇಕಿದ್ದ ಹಿಫ್ ಎಂಬ ಪ್ರೋಟೀನ್ ಉಳಿದು ಸಿಪಿಟಿ1ಎ ಎಂಬ ಕಿಣ್ವವನ್ನು ಅದುಮುತ್ತದೆ. ಕೊಬ್ಬಿನಾಮ್ಲ ಮೈಟೊಕಾಂಡ್ರಿಯಾದೊಳಗೆ ಹೋಗಿ ಉರಿಯಲು ಆ ಕಿಣ್ವವೇ ಬಾಗಿಲು. ಬಾಗಿಲು ಮುಚ್ಚಿದರೆ ಹನಿಹನಿಯಾಗಿ ಕೋಶದಲ್ಲೇ ಕೂರುತ್ತದೆ. ಸ್ಲೈಡ್ ಮಾಡುವಾಗ ಆಲ್ಕೋಹಾಲ್, ಕ್ಸೈಲೀನ್ ಆ ಹನಿಗಳನ್ನು ಕರಗಿಸುವುದರಿಂದ ಕೋಶ ಖಾಲಿ ಕಾಣುತ್ತದೆ, 'ಕ್ಲಿಯರ್' ಅನ್ನುವುದು ಅದಕ್ಕೇ. ಊಟದ ತಟ್ಟೆಯಿಂದ ಎಣ್ಣೆ ತೆಗೆದರೆ ಕೆಟ್ಟ ಜೀನ್ ಸರಿಹೋಗುವುದಿಲ್ಲ.

ಮಾತ್ರೆವಾಸಿ: ಹಾಗಾದರೆ ತೂಕಕ್ಕೂ ಕ್ಯಾನ್ಸರ್‌ಗೂ ಸಂಬಂಧವೇ ಇಲ್ಲವಾ? ಹರಡಿದ ಹಂತದಲ್ಲಿ ದಪ್ಪಗಿರುವವರೇ ಹೆಚ್ಚು ದಿನ ಬದುಕುತ್ತಾರೆ ಅಂತ ಓದಿದ್ದೇನೆ.

ಸ್ಲೈಡ್‌ನೋಡುವವ: ಸಂಬಂಧ ಇಲ್ಲ ಅಂದವರು ಯಾರ್ರೀ? ಬಿಎಂಐ 5 ಏರಿದರೆ ರೋಗ ಬರುವ ಅಪಾಯ ಗಂಡಸರಲ್ಲಿ ಸುಮಾರು 24%, ಹೆಂಗಸರಲ್ಲಿ 34% ಹೆಚ್ಚು. ಬಂದ ಮೇಲಿನ ಲೆಕ್ಕ ಬೇರೆ. ಬಳಲಿ ತೂಕ ಕಳೆದುಕೊಂಡವರೆಲ್ಲ 'ತೆಳ್ಳಗಿನವರ' ಪಟ್ಟಿಗೆ ಸೇರುತ್ತಾರೆ, ಹಾಗಾಗಿ ದಪ್ಪಗಿರುವವರು ಹೆಚ್ಚು ಬದುಕಿದಂತೆ ಕಾಣಬಹುದು. ಬಿಎಂಐ ಬದಲು ಸಿಟಿಯಲ್ಲಿ ಸೊಂಟದ ಭಾಗದ ಮೂರನೇ ಬೆನ್ನುಮೂಳೆಯ ಮಟ್ಟದ ಸ್ನಾಯು ಅಳೆಸಿ.

ಅರ್ಧಕಿಡ್ನಿ: ಪಾಪ, ಕೇಳಿದವರಿಗೆ ಇಷ್ಟು: ಚಿಕ್ಕ ಗಡ್ಡೆ ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಮಿ.ಮೀ. ಬೆಳೆಯುತ್ತದೆ, ಕಾಯಬಹುದೇ ಅಂತ ಸರ್ಜನ್ನರನ್ನೇ ಕೇಳಿ. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚಿಸಿಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ, ಹೊಟ್ಟೆ ನಿಧಾನ ಖಾಲಿಯಾಗುವುದರಿಂದ ವಾಂತಿ ಶ್ವಾಸಕೋಶಕ್ಕೆ ನುಗ್ಗಬಹುದು.

ಮಾತ್ರೆವಾಸಿ: ಜಿಡ್ಡಿಗೆ ಬೆಲೆಯಿಲ್ಲ ಅನ್ನಬೇಡಿ. ಹರಡಿದ ಕಿಡ್ನಿ ಕ್ಯಾನ್ಸರ್‌ನ ಮಾತ್ರೆ ಪಜೋಪನಿಬ್ ಊಟದ ಜೊತೆ ನುಂಗಿದರೆ ರಕ್ತದಲ್ಲಿ ಮದ್ದು ಸುಮಾರು ದುಪ್ಪಟ್ಟು. ಅದಕ್ಕೇ ಊಟಕ್ಕೆ 1 ಗಂಟೆ ಮೊದಲು, ಇಲ್ಲವೇ 2 ಗಂಟೆ ನಂತರ ನುಂಗಬೇಕು. ಜೊತೆಗೆ ಕೊಲೆಸ್ಟ್ರಾಲ್ ಮಾತ್ರೆ ಸಿಮ್ವಾಸ್ಟಾಟಿನ್ ಇದ್ದರೆ ಲಿವರ್‌ನ ಎಎಲ್‌ಟಿ (ಹಾನಿ ತೋರುವ ಕಿಣ್ವ) ಜಿಗಿಯುವ ಸಂಭವ ಹೆಚ್ಚು.

ಒಂಟಿಕಿಡ್ನಿ: ಅವರದ್ದು 3.4 ಸೆಂ.ಮೀ., ಹರಡಿಲ್ಲ. ಪಜೋಪನಿಬ್ ಇಲ್ಲಿ ಯಾಕೆ?

ಮಾತ್ರೆವಾಸಿ: ಅವರಿಗಲ್ಲ ಮೇಡಂ, ತಟ್ಟೆಯ ಎಣ್ಣೆ ಲೆಕ್ಕಕ್ಕಿಲ್ಲ ಅಂದವರಿಗೆ.